ಫೈನಲ್ ಪಂದ್ಯದ ರೋಲು

೧೯೮೪ರ ಫೆಬ್ರವರಿ ೧೨, ಭಾನುವಾರ. ಸಂಜೆ ನಾಲ್ಕೂ ಇಪ್ಪತ್ತಕ್ಕೆ ಕೋಲಾರದ ಠಾಣೆಯೊಳಗೆ ಒಬ್ಬ ಯುವಕ ಓಡಿಬಂದ. ಕಿವಿಯ ಪಕ್ಕದಲ್ಲಿ ಸೋಪಿನ ನೊರೆ ಇನ್ನೂ ಆರಿರಲಿಲ್ಲ.

"ಸಾಹೇಬ್ರ, ನನ್ನ ಕ್ಯಾಮೆರಾ ಚೀಲ ಹೋತ್ರಿ!"

ಹೆಸರು ಫಕೀರಪ್ಪ. ಹಾವೇರಿಯವನು. ಬೆಂಗಳೂರಿನ ಪತ್ರಿಕೆಯೊಂದಕ್ಕೆ ಛಾಯಾಗ್ರಾಹಕನಾಗಿ ಸೇರಿ ಹದಿನೈದು ದಿನವಾಗಿತ್ತು. ಒಬ್ಬನೇ ಹೊರಟ ಮೊದಲ ಕೆಲಸ ಇದು: ಕೋಲಾರದ ಹೈಸ್ಕೂಲ್ ಮೈದಾನದಲ್ಲಿ ನಡೆದ ಕರಾಟೆ ಪಂದ್ಯಾವಳಿ. ಈ ಊರನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ರಾತ್ರಿ ಒಂಬತ್ತರೊಳಗೆ ಫಿಲ್ಮ್ ಬೆಂಗಳೂರು ಮುಟ್ಟದಿದ್ದರೆ ಸೋಮವಾರದ ಪತ್ರಿಕೆಯಲ್ಲಿ ಚಿತ್ರವಿಲ್ಲ. ಬಹುಶಃ ಮಂಗಳವಾರದಿಂದ ಅವನಿಗೆ ಕೆಲಸವೂ ಇಲ್ಲ.

ಇನ್ಸ್‌ಪೆಕ್ಟರ್ ಶ್ರೀರಾಮಪ್ಪ ಎಫ್‌ಐಆರ್ ಬರೆಸುತ್ತಲೇ ಪ್ರಶ್ನೆ ಕೇಳಿದರು.

"ಎಲ್ಲಿ ಕಳೀತು?"

"ಮೈದಾನದಾಗ ನಲ್ಲಿ ಕಟ್ಟಿ ಮ್ಯಾಲ ಇಟ್ಟು ಮಾರಿ ತೊಳಕೊಳ್ಳಾಕತ್ತಿದ್ದೆ. ಕಣ್ಣಾಗ ಸೋಪು. ಯಾರೋ ಬಾಜೂಕ ಬಂದು 'ಕ್ಷಮಿಂಚು ಅನ್ನಾ' ಅಂದ್ರು. ಕಣ್ ಬಿಡೂದ್ರಾಗ ಚೀಲ ಇಲ್ಲ. ಹಂಗಂದ್ರ ಏನ್ರೀ?"

"ಕ್ಷಮಿಸು ಅಣ್ಣ ಅಂತ. ತೆಲುಗು." ಶ್ರೀರಾಮಪ್ಪ ಪೆನ್ನು ಕೆಳಗಿಟ್ಟರು. "ಇಪ್ಪತ್ತು ವರ್ಷದ ಸರ್ವೀಸಲ್ಲಿ ಕ್ಷಮೆ ಕೇಳಿ ಕದ್ದೋನನ್ನ ನೋಡಿಲ್ಲ."

ನಾಲ್ಕೂ ಐವತ್ತಕ್ಕೆ ಕಾನ್‌ಸ್ಟೇಬಲ್ ದೊಡ್ಡವೆಂಕಟಪ್ಪ ಮೈದಾನದ ಪೆಂಡಾಲಿನ ಹಿಂದೆ, ಕುರ್ಚಿಗಳ ಅಟ್ಟಿಯ ನಡುವಿನಿಂದ ಚೀಲ ಹುಡುಕಿ ತೆಗೆದ. ಇಬ್ಬರು ಪಂಚರ ಎದುರು ಅದನ್ನು ಬಿಚ್ಚಿದರು. ಕ್ಯಾಮೆರಾ ಇತ್ತು. ಲೆನ್ಸ್ ಇತ್ತು. ಬಳಸದ ಮೂರು ರೋಲುಗಳೂ ಇದ್ದವು. ಇಲ್ಲದ್ದು ಒಂದೇ: ಚಿತ್ರ ತೆಗೆದು ಮುಗಿಸಿದ್ದ ರೋಲು.

"ಸಾರ್, ಇಷ್ಟು ಬೆಲೆಬಾಳೋ ಕ್ಯಾಮೆರಾ ಬಿಟ್ಟು ರೀಲ್ ಎತ್ಕೊಂಡು ಹೋಗವ್ನಲ್ಲ!" ದೊಡ್ಡವೆಂಕಟಪ್ಪ ಬಾಯಿ ತೆರೆದು ನಿಂತ.

"ಅಂದ್ರೆ ಅದರೊಳಗೆ ಯಾರದೋ ಮುಖ ಇದೆ," ಎಂದರು ಶ್ರೀರಾಮಪ್ಪ. "ಕೊನೇಲಿ ಯಾರ ಫೋಟೊ ತೆಗೆದ್ರಿ?"

ಫಕೀರಪ್ಪನ ಕಣ್ಣುಗಳು ಮಿನುಗಿದವು. ಕಳವು ಒಂದು ಗಳಿಗೆ ಅವನಿಗೆ ಮರೆತೇ ಹೋಯಿತು. "ಹುಡುಗ್ಯಾರ ಫೈನಲ್ರೀ! ಮುಳಬಾಗಿಲಿನ ಹುಡುಗಿ, ನೋಡಾಕ ಕಡ್ಡಿ ಇದ್ದಂಗ ಅದಾಳ. ಎದುರಿಗೆ ಬೆಂಗಳೂರಿನಾಕಿ, ಇಕಿಗಿಂತ ಗೇಣು ಎತ್ತರ. ಎರಡು ಪಾಯಿಂಟ್ ಹಿಂದಿದ್ದಳು. ಕಡೇ ಅರ್ಧ ನಿಮಿಷದಾಗ ತಿರುಗಿ ಒದ್ದಳು ನೋಡ್ರಿ, ಕಾಲು ಗಾಳ್ಯಾಗ ಇದ್ದಾಗನ ಹಿಡದೇನಿ! ಗೆದ್ದ ಕೂಡಲೆ ಒಬ್ಬಾಂವ ಹಗ್ಗ ಜಿಗಿದು ಬಂದು ಆಕೀನ ಹೆಗಲ ಮ್ಯಾಲ ಎತ್ತಿದ. ಬಾಜೂಕ ಒಬ್ಬ ಮುದುಕಪ್ಪ ರುಮಾಲು ಬೀಸಿ ಕುಣೀತಿದ್ದ. ಅದನ್ನೂ ಹೊಡದೆ."

"ಆಮೇಲೆ?"

"ಎತ್ತಿದಾಂವ ಬಂದು ಪೇಪರಿನ್ಯಾಗ ಬರತೈತೇನು ಅಂದ. ನಾಳೆ ಮುಂಜಾನೆ ಅಂದೆ. ಮುದುಕಪ್ಪನೂ ಫೋಟೊದಾಗ ಬಿದ್ದಾನೇನು ಅಂದ. ಹೂಂ ಅಂದೆ. ಅವನ ಮಾರಿ ಸಣ್ಣದಾತು."

ಸಂಘಟಕರ ರಿಜಿಸ್ಟರಿನಲ್ಲಿ ಹುಡುಗಿಯ ವಿವರ ಸಿಕ್ಕಿತು. ವೆಂಕಟರತ್ನಮ್ಮ, ವಯಸ್ಸು ಹದಿನೇಳು. ತಂದೆ ಕದಿರಪ್ಪ, ಖಾಸಗಿ ಬಸ್ಸಿನ ಕಂಡಕ್ಟರ್, ಮುಳಬಾಗಿಲು. ಅವಳನ್ನು ಎತ್ತಿದವನು ಅವನೇ ಎಂದರು ಸಂಘಟಕರು. ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಿದಾಗ, ಪದಕ ಹಾಕಿಕೊಂಡ ಹುಡುಗಿ, ಅವಳಪ್ಪ, ಒಬ್ಬ ಮುದುಕ, ಮೂವರೂ ಐದೂ ಹತ್ತರ ಮುಳಬಾಗಿಲು ಬಸ್ಸು ಹತ್ತಿದ್ದನ್ನು ಹೂವಿನವಳು ನೋಡಿದ್ದಳು. ಆಗ ಗಂಟೆ ಐದೂ ಇಪ್ಪತ್ತೆಂಟು.

ಜೀಪು ಮದ್ರಾಸ್ ರಸ್ತೆಗೆ ಬಿತ್ತು. ಹಿಂದಿನ ಸೀಟಿನಲ್ಲಿ ಫಕೀರಪ್ಪ ಕಂಬಿ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ. "ಸಾಹೇಬ್ರ, ರೋಲು ಎಳೆದು ಬೆಳಕಿಗೆ ಹಿಡದ್ರ ಮುಗೀತ್ರಿ. ಕಣ್ಣು ಪಿಳುಕಿಸೂದ್ರಾಗ ಎಲ್ಲಾ ಹೋತು!"

"ಇನ್ನೂ ಒತ್ತಯ್ಯ," ಎಂದರು ಶ್ರೀರಾಮಪ್ಪ ಡ್ರೈವರಿಗೆ. ಒಂದು ಟೊಮೆಟೊ ಲಾರಿ, ಎರಡು ಎತ್ತಿನ ಗಾಡಿ ಹಿಂದಾದವು. ಮುಂದೆ ಧೂಳಿನೊಳಗೆ ಬಸ್ಸಿನ ಬೆನ್ನು ಕಂಡಿತು. ದೊಡ್ಡವೆಂಕಟಪ್ಪ ಅರ್ಧ ಮೈ ಹೊರಹಾಕಿ ಲಾಠಿ ಬೀಸಿದ. ಐದೂ ಐವತ್ತಾರಕ್ಕೆ, ಮುಳಬಾಗಿಲಿಗೆ ಎಂಟು ಕಿಲೋಮೀಟರ್ ಇರುವಾಗ, ಬಸ್ಸು ನಿಂತಿತು.

ನಡುವಿನ ಸೀಟಿನಲ್ಲಿ ಮೂವರೂ ಇದ್ದರು. ಕದಿರಪ್ಪನ ಬಲಗೈ ಜೇಬಿನೊಳಗಿತ್ತು.

"ಕೈ ಹೊರಗೆ ತೆಗಿ. ನಿಧಾನಕ್ಕೆ."

ಕೈ ಹೊರಬಂತು. ಅಂಗೈಯಲ್ಲಿ ರೋಲು. ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಫಕೀರಪ್ಪ ಬಾಗಿಲಲ್ಲೇ "ಸುದ್ದ ಐತಿ, ಕೆಟ್ಟಿಲ್ಲ!" ಎಂದು ಕೂಗಿದ್ದಕ್ಕೆ ಬಸ್ಸಿನವರೆಲ್ಲ ತಿರುಗಿ ನೋಡಿದರು.

"ಯಾಕೆ ತಗೊಂಡೆ?" ಎಂದರು ಶ್ರೀರಾಮಪ್ಪ.

ಕದಿರಪ್ಪ ಪಕ್ಕದ ಮುದುಕನನ್ನು ತೋರಿಸಿದ. "ನಮ್ಮಪ್ಪ ಸಾ, ಚನ್ನರಾಯಪ್ಪ. ಮದುವೆ ಸೀಸನ್ನು, ಓನರು ರಜ ಇಲ್ಲ ಅಂದ್ರು. ಅಪ್ಪ ಸತ್ತೋದ ಅಂತ ಹೇಳಿ ಬಂದ್ಬಿಟ್ಟೆ. ಓನರ್‌ಗೆ ಅಪ್ಪನ ಗುರ್ತು ಚೆನ್ನಾಗೈತೆ. ನಾಳೆ ಪೇಪರಲ್ಲಿ ಕುಣಿಯೋದು ಕಂಡ್ರೆ ನನ್ ಕೆಲ್ಸ ಹೋಯ್ತದೆ."

ಚನ್ನರಾಯಪ್ಪನಿಗೆ ತಾನು ಸತ್ತ ಸುದ್ದಿ ತಿಳಿದದ್ದು ಆಗಲೇ. "ಯಾವಾಗ್ಲೋ ನಾನ್ ಸತ್ತಿದ್ದು?" ಎಂದ. ಬಸ್ಸು ನಗೆಯಲ್ಲಿ ಅಲ್ಲಾಡಿತು.

ಮಗಳು ರತ್ನ ಮಾತ್ರ ನಗಲಿಲ್ಲ. ಅಪ್ಪನನ್ನೇ ನೋಡುತ್ತಿದ್ದಳು. "ನಾನು ಗೆದ್ದಿದ್ದನ್ನ ಮುಚ್ಚಿಡೋಕೆ ಹೋದ್ಯಾ ಅಪ್ಪಾ?"

ಕದಿರಪ್ಪ ರೋಲನ್ನು ಶ್ರೀರಾಮಪ್ಪನವರ ಕೈಗಿಟ್ಟ.

ರಸ್ತೆ ಬದಿಯಲ್ಲೇ ಜಪ್ತಿ ಪಂಚನಾಮೆ ಆಯಿತು. ಪ್ರಿಂಟೊಂದನ್ನು ಠಾಣೆಗೆ ತಂದುಕೊಡಬೇಕೆಂದು ಬರೆಸಿಕೊಂಡು ಶ್ರೀರಾಮಪ್ಪ ರೋಲನ್ನು ಫಕೀರಪ್ಪನಿಗೆ ಬಿಟ್ಟುಕೊಟ್ಟರು. ಚಿತ್ತೂರಿನ ಕಡೆಯಿಂದ ಬೆಂಗಳೂರಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿಗೆ ದೊಡ್ಡವೆಂಕಟಪ್ಪ ಅಡ್ಡ ನಿಂತ. ಫಕೀರಪ್ಪ ಮೆಟ್ಟಿಲ ಮೇಲೆ ಹಾರಿದವನು ಒಮ್ಮೆ ತಿರುಗಿ ರತ್ನಳತ್ತ ನೋಡಿ, "ಮೊದಲನೇ ಪುಟಕ್ಕ ಕೇಳ್ತೇನವ್ವಾ!" ಎಂದು ಕೂಗಿದ. ಅವಳ ಮುಖ ಆಗ ಅರಳಿತು.

ಆರೂ ಇಪ್ಪತ್ತಕ್ಕೆ ಕದಿರಪ್ಪನನ್ನು ದಸ್ತಗಿರಿ ಮಾಡಲಾಯಿತು. ಅವನ ಮಗಳನ್ನೂ ಮುದುಕನನ್ನೂ ಮನೆ ಮುಟ್ಟಿಸಲು ದೊಡ್ಡವೆಂಕಟಪ್ಪ ಅದೇ ಮುಳಬಾಗಿಲು ಬಸ್ಸಿನಲ್ಲಿ ಹೋದ.

ಜೀಪಿನಲ್ಲಿ ಶ್ರೀರಾಮಪ್ಪ ಕೇಳಿದರು, "ರೋಲು ನಿನ್ನ ಹತ್ರ ಗಂಟೆಗೂ ಮೇಲೆ ಇತ್ತು. ಎಳೆದು ಬಿಸಾಕಿದ್ರೆ ಸಾಕ್ಷಿನೇ ಇರ್ತಿರಲಿಲ್ಲ. ಯಾಕೆ ಎಳೀಲಿಲ್ಲ?"

"ಎರಡು ಸಲ ಎಳೆಯೋಕೆ ಹೋದೆ ಸಾ," ಎಂದ ಕದಿರಪ್ಪ. "ಅವಳು ಒದ್ದಾಗ ಜನ ಎಲ್ಲ ಎದ್ದು ನಿಂತ್ಬಿಟ್ರು. ನಂಗೆ ಬೆನ್ನುಗಳು ಬಿಟ್ಟು ಏನೂ ಕಾಣ್ಲಿಲ್ಲ. ಆ ಒದೆ ನಾನಿನ್ನೂ ನೋಡಿಲ್ಲ."