ನಾಲ್ಕು ಮನೆಯ ನಕ್ಷೆ

"ಇದು ತಪ್ಪು ಅದ ರೀ."

ಪ್ರೇಮಾವತಿ ಹೀಗೆಂದಾಗ ಕಂಪ್ಯೂಟರ್ ಕಲಿಸುವ ಸಂಜೆ ತರಗತಿಯೇ ಮಾರ್ತಾಂಡನತ್ತ ತಿರುಗಿತು. ಅವರಿಬ್ಬರ ಮೊದಲ ಮಾತೇ ಅದು...

ಪುಣೆಯಲ್ಲಿ ಆಗ ಕಂಪ್ಯೂಟರ್ ಕಣ್ಣಾರೆ ಕಂಡವರೇ ಕಡಿಮೆ. ಕ, ಗ ಎಂಬ ಎರಡೇ ಅಕ್ಷರಗಳ ಸಾಲನ್ನು ಓದಿ, ಕೊನೆಯಿಂದ ಮೂರನೆಯದು 'ಕ' ಇದ್ದರೆ ಮಾತ್ರ ಒಪ್ಪುವ ಯಂತ್ರದ ನಕ್ಷೆ ಬರೆಯಲು ಸರ್ ಹೇಳಿದ್ದರು. ಎಲ್ಲಕ್ಕಿಂತ ಚಿಕ್ಕ ನಕ್ಷೆ ಬರೆದವರಿಗೆ ಅಲ್ಲೇ ಸಹಾಯಕನ ಕೆಲಸ. ಜಾಣ ಪ್ರಲ್ಹಾದನ ನಕ್ಷೆಗೂ ಎಂಟು ಮನೆ, ಅಂದರೆ ಯಂತ್ರದ ಎಂಟು ಸ್ಥಿತಿ, ಬೇಕಾದವು. ಮಾರ್ತಾಂಡನದು ನಾಲ್ಕೇ!

ಸರ್ ಅದನ್ನು ತಾಳೆ ನೋಡಲು ಸಹಪಾಠಿ ಪ್ರೇಮಾವತಿಗೆ ಕೊಟ್ಟರು.

ಅವನ ನಕ್ಷೆಯಲ್ಲಿ 'ಕ' ಬಂದಾಗ ದಾರಿ ಎರಡಾಗಿ ಒಡೆಯುತ್ತಿತ್ತು. ಅವಳು ಹಿಡಿದ ದಾರಿ ನಡುವೆಯೇ ನಿಂತುಹೋಯಿತು. ಹಗಲು ಅವಳು ಊರಾಚೆ ನಿಗಡಿ ಕಡೆಯ ಕಾರ್ಖಾನೆಯಲ್ಲಿ ಬಿಡಿಭಾಗಗಳ ತಪಾಸಣೆ ಮಾಡುವವಳು. ಒಂದು ಕೆಟ್ಟಿದ್ದರೆ ಇಡೀ ಪೆಟ್ಟಿಗೆ ವಾಪಸ್. ಅದೇ ರೂಢಿಯಲ್ಲಿ ಕೈ ಅಡ್ಡಗೆರೆ ಎಳೆದುಬಿಟ್ಟಿತು.

ಮಾರ್ತಾಂಡ ಏನೋ ಹೇಳಲು ಎದ್ದ. ಅವಳು ತಲೆ ಎತ್ತಲಿಲ್ಲ. ಸರ್ ಅವಳ ಗೆರೆಯನ್ನೇ ನಂಬಿದರು; ಕೆಲಸ ಪ್ರಲ್ಹಾದನ ಪಾಲಾಯಿತು. ಮಾರ್ತಾಂಡ ಮತ್ತೆ ತರಗತಿಗೆ ಬರಲಿಲ್ಲ.

ಮರುವರ್ಷ ಬಂದ ಹೊಸ ಸರ್ ಅಂಥದೇ ನಕ್ಷೆ ಬರೆದು ವಿವರಿಸಿದರು: ಇಂಥ ಯಂತ್ರಕ್ಕೆ ಊಹಿಸುವ ಹಕ್ಕಿದೆ. ಎಷ್ಟೋ ದಾರಿ ಕೆಟ್ಟರೂ ಒಂದು ಗುರಿ ಮುಟ್ಟಿದರೆ ಸಾಕು. ಅದಕ್ಕೇ ಅದು ಅಷ್ಟು ಚಿಕ್ಕದು.

ಪ್ರೇಮಾವತಿಗೆ ತಾನೆಳೆದ ಅಡ್ಡಗೆರೆ ನೆನಪಾಯಿತು. 'ನಾನು ಇನ್ನೊಂದು ದಾರಿ ನೋಡಲೇ ಇಲ್ಲ...'

ಪ್ರಲ್ಹಾದನಿಂದ ಮಾರ್ತಾಂಡನ ವಿಳಾಸ ಪಡೆದು, ಭಾನುವಾರ ಲೋಕಲ್ ರೈಲು ಹಿಡಿದು ಲೋಣಾವಳಾಕ್ಕೆ ಹೋದಳು. ಅವನು ಚಿಕ್ಕಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಿದ್ದ. ನಿಂತಲ್ಲೇ ಎಲ್ಲ ಹೇಳಿದಳು.

"ನನಗ ಅವತ್ತೇ ಗೊತ್ತಿತ್ರಿ," ಎಂದ ಅವನು ದಾರ ಬಿಗಿಯುತ್ತ.

"ಮತ್ತ್ಯಾಕ ಹೇಳಲಿಲ್ಲ?"

"ನೀವು ಮುಖ ಎತ್ತಲಿಲ್ಲ." ದಾರ ಕತ್ತರಿಸಿದ. "ಆ ಕೆಲಸ ಸಿಕ್ಕಿದ್ರ ನಿಮ್ಮ ಮನೀಗೆ ಹೆಣ್ಣು ಕೇಳಾಕ ಬರೂದಿತ್ತು. ತಿಂಗಳಾನುಗಟ್ಟಲೆ ಹಿಂದಿನ ಬೆಂಚಿನ್ಯಾಗ ಕೂತು ಅದನ್ನ ವಿಚಾರ ಮಾಡಿದ್ದೆ."

"ಈಗ ಬರೂದಿಲ್ಲೇನು?"

"ಚಿಕ್ಕಿ ಕಟ್ಟಾಂವಗ ನಿಮ್ಮಪ್ಪ ಕೊಡ್ತಾರ?"

"ಗೊತ್ತಿಲ್ರಿ. ಆದ್ರ ನನ್ನಂಗ ಒಂದ ದಾರಿ ನೋಡಿ ಅಡ್ಡಗೆರಿ ಎಳೀಬ್ಯಾಡ್ರಿ."

ಅವನು ನಗಲಿಲ್ಲ. ಕಟ್ಟಿದ ಪೊಟ್ಟಣವನ್ನು ಅವಳತ್ತ ಸರಿಸಿದ.

"ಬರ್ತೀನಿ. ಆದ್ರ ಸಿಟ್ಟು ಇನ್ನೂ ಭಾಳ ಅದ ರೀ, ಪ್ರೇಮಾ."

"ಇರಲಿ," ಎಂದಳು ಅವಳು. "ಅದನ್ನೂ ಕರಕೊಂಡ ಬರ್ರಿ."