ಪಾಟಲಿ ಹೋದ ದಿನದ ಕ್ಯಾಮೆರಾ

ದೇವರ ಮನೆಯ ಪೆಟ್ಟಿಗೆ ತೆರೆದಿತ್ತು. ವಿಜಯಾಬಾಯಿಯವರ ಬಂಗಾರದ ಬಳೆಗಳು, ಆ ಪಾಟಲಿಗಳು, ಅದರಲ್ಲಿ ಇರಲಿಲ್ಲ.

ಎಸ್.ಐ. ಸ್ರವಂತಿ ಮೇಡಂ ಜೊತೆ ಕಾನ್‌ಸ್ಟೇಬಲ್ ಆದ ನಾನು ಮಕ್ತಲಿನ ಆ ಮನೆಗೆ ಹೋದಾಗ ಮಧ್ಯಾಹ್ನ. ಮನೆಗೆಲಸದ ಕಿಷ್ಟಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ವಿಜಯಾಬಾಯಿಯವರ ಮಗ ಸಂಕರ್ಷಣ ಫೋನ್ ಮುಂದೆ ಹಿಡಿದ.

"ಅಂಗಳಕ್ಕ ಕ್ಯಾಮೆರಾ ಹಾಕ್ಸೀನಿ ಮೇಡಂ. ಯಾರರ ಓಡಾಡಿದ್ರ ರೆಕಾರ್ಡ್ ಆಗ್ತದ. ಅಮ್ಮ ಗುಡಿಗೆ ಹೋದ ಮ್ಯಾಲೆ ಕಂಡಾಕಿ ಇಕಿ ಒಬ್ಬಾಕೀನ."

"ನೀವು ಎಲ್ಲಿದ್ರಿ?"

"ಗದ್ವಾಲದಾಗ, ಆಫೀಸಿನ್ಯಾಗ. ಅಮ್ಮ ಫೋನ್ ಮಾಡಿದ್ಲು, ಬಂದೆ."

ಕಿಷ್ಟಮ್ಮ ತಲೆ ಎತ್ತಿದಳು. "ನಾ ಕಸ ಹೊಡದು ಹೋದೆ ರೀ. ಈ ಮನಿಯವರು ಆಗಲೇ ನಾ ಕೆಲಸ ಮಾಡೋ ಮನಿಗೆಲ್ಲ ಫೋನ್ ಮಾಡಿ ಕಳ್ಳಿ ಅಂದಾರ. ಇನ್ನ ನನ್ನ ಯಾರು ಹೊಸ್ತಿಲ ದಾಟಿಸ್ತಾರ?"

ಕ್ಯಾಮೆರಾ ಬಿಗಿಸಿದ ಸುರೇಂದರ್‌ನನ್ನು ಮೇಡಂ ಕರೆಸಿದರು.

"ಪಾಸ್‌ವರ್ಡ್ ನಿನ್ನ ಹತ್ರ ಐತೇನು?"

"ಇಲ್ಲ ಮೇಡಂ. ಸಾರ್ ತಾವೇ ಇಟ್ಕೊಂಡ್ರು. ಅವರ ಫೋನ್ ಬಿಟ್ರ ಎಲ್ಲೂ ತೆಗಿಯಂಗಿಲ್ಲ."

ವಿಜಯಾಬಾಯಿ ಗುಡಿಗೆ ಹೋದ ಮೇಲಿನ ರೆಕಾರ್ಡ್ ನಾನು ನೋಡಿದೆ. ಕಿಷ್ಟಮ್ಮ ಬಂದಳು, ಹೋದಳು, ಅಷ್ಟೇ. ಬೇರೆ ದಾರಿ ಹೊಳೆಯಲಿಲ್ಲ. ನನ್ನ ಕಣ್ಣು ತಪ್ಪಿದರೆ ಒಬ್ಬಳ ಅನ್ನ ಹೋಗುತ್ತದೆ — ಮತ್ತೆ ಮೊದಲಿನಿಂದ ನೋಡಿದೆ. ಅದೇ.

ಮೇಡಂ ಅಂಗಳ ನೋಡುತ್ತಿದ್ದರು. ಹಿತ್ತಲ ಬಾಗಿಲು, ಅದರ ಪಕ್ಕ ತುಳಸಿಕಟ್ಟೆ, ಕಟ್ಟೆ ದಾಟಿದರೆ ದೇವರ ಮನೆ.

"ಅಮ್ಮ, ಇವತ್ತು ತುಳಸಿಗೆ ಪ್ರದಕ್ಷಿಣೆ ಹಾಕಿದ್ರೇನು?"

"ಅದೇನು ಕೇಳ್ತೀರಿ? ಜ್ವರ ಬಂದ್ರೂ ಬಿಟ್ಟಿಲ್ಲ," ಎಂದರು ವಿಜಯಾಬಾಯಿ. "ಹಾಕೇ ಗುಡಿಗೆ ಹೋದೆ."

"ನರಸಿಂಹುಲು, ನಿನ್ನೆಯ ರೆಕಾರ್ಡ್ ತೆಗಿ."

ತೆಗೆದೆ. ಒದ್ದೆ ಸೀರೆಯಲ್ಲಿ ವಿಜಯಾಬಾಯಿ ಕಟ್ಟೆ ಸುತ್ತುತ್ತಿದ್ದರು. ಮೊನ್ನೆಯೂ ಸುತ್ತಿದ್ದರು.

"ಇವತ್ತಿಂದು?"

ಹುಡುಕಿದೆ. ಇರಲಿಲ್ಲ.

"ಕಳ್ಳ ಯಾಕೆ ಕಾಣಲಿಲ್ಲ ಅಂತ ನಾವು ನೋಡಿದ್ವಿ," ಎಂದರು ಮೇಡಂ. "ಅಮ್ಮ ಯಾಕೆ ಕಾಣಲಿಲ್ಲ ಅಂತ ನೋಡಲಿಲ್ಲ. ತುಳಸಿ ಕಡೆ ಯಾರೇ ಓಡಾಡಿದರೂ ರೆಕಾರ್ಡ್ ಮಾಡಬೇಡ ಅಂತ ಕ್ಯಾಮೆರಾಕ್ಕ ಯಾರೋ ಹೇಳ್ಯಾರ. ಅದೂ ನಿನ್ನೆ ಪೂಜೆ ಆದ ಮ್ಯಾಲೆ. ಹೇಳಾಕ ಬರೋದು ಒಂದ ಫೋನಿನಿಂದ."

ಸೆಟ್ಟಿಂಗ್ ತೆರೆದರು. ಕಟ್ಟೆಯ ಸುತ್ತ ಗೆರೆ ಎಳೆದು ಆ ಜಾಗವನ್ನು ರೆಕಾರ್ಡಿನಿಂದ ಬಿಡಲಾಗಿತ್ತು.

"ಅಮ್ಮ ಸುತ್ತಿದಾಗೆಲ್ಲ ಫೋನ್ ಬಡ್ಕೋತಿತ್ತು," ಎಂದ ಸಂಕರ್ಷಣ. "ಅದಕ್ಕ—"

"ಅದಕ್ಕಾದ್ರ ನಾವು ಬಂದ ಕೂಡಲೇ ಹೇಳ್ತಿದ್ರಿ. ನೀವು ಈಕೆಯನ್ನು ತೋರಿಸಿದ್ರಿ. ಗದ್ವಾಲಕ್ಕ ಹೊರಟವರು ಹಿತ್ತಲಿಂದ ತಿರುಗಿ ಬಂದ್ರಿ, ಅಲ್ಲೇನು? ಹೊರಗ ನಿಂತ ನಿಮ್ಮ ಬೈಕಿನ ಡಿಕ್ಕಿ ತೆಗೀರಿ."

ಡಿಕ್ಕಿಯಲ್ಲಿದ್ದ ಕರವಸ್ತ್ರದ ಗಂಟಿನಲ್ಲಿ ಪಾಟಲಿಗಳಿದ್ದವು.

"ಅಮ್ಮ ಇವನ್ನ ಶ್ರೀವಲ್ಲಿ ಅಕ್ಕಗ ಕೊಡ್ತೀನಿ ಅಂದಿದ್ಲು," ಎಂದ ಅವನು, ಯಾರನ್ನೂ ನೋಡದೆ. "ಎಲ್ಲಾ ಅಕ್ಕಗ."

ಮೇಡಂ ಅವನ ಫೋನ್ ವಶಕ್ಕೆ ತೆಗೆದುಕೊಂಡರು. "ನೀ ಇನ್ನ ಹೋಗಮ್ಮ," ಎಂದರು ಕಿಷ್ಟಮ್ಮನಿಗೆ.

ಅವಳು ಕದಲಲಿಲ್ಲ. "ಎಲ್ಲಿಗೆ ಹೋಗ್ಲಿ ಮೇಡಂ? ಎಲ್ಲಾ ಮನಿಯಾಗೂ ನಾ ಕಳ್ಳಿನ ಇದ್ದೀನಿ."

ವಿಜಯಾಬಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ತಮ್ಮ ಹಳೆಯ ಫೋನ್ ತಂದರು. ಕಿಷ್ಟಮ್ಮ ಕೆಲಸ ಮಾಡುವ ಮನೆಯೊಂದರ ನಂಬರ್ ಒತ್ತಿ ಕಿವಿಗಿಟ್ಟರು.

"ನಾನು ವಿಜಯಾಬಾಯಿ. ಪಾಟಲಿ ಸಿಕ್ಕಾವ. ಕಿಷ್ಟಮ್ಮ ಅಲ್ಲ." ಆ ಕಡೆಯವರು ಮತ್ಯಾರೆಂದು ಕೇಳಿದರು. "ನನ್ನ ಮಗ."

ಇಟ್ಟು, ಮುಂದಿನ ಮನೆಯ ನಂಬರ್ ಹುಡುಕತೊಡಗಿದರು.