ತಿಳಿ ಕಂದು ಗಾಜು

ಮೋಡ ಕವಿದ ದಿನ ಕೂಲಿಂಗ್ ಗ್ಲಾಸ್ ಕೇಳಿಕೊಂಡು ಬಂದವನು ಎದುರು ಅಂಗಡಿಯ ಟೈಲರ್.

“ಬಿಸಿಲೇ ಇಲ್ವಲ್ರೀ?” ಎಂದಳು ಕೌಂಟರಿನ ಹುಡುಗಿ.

“ಬಿಸಿಲಿಗಲ್ಲ, ಸ್ಟೈಲಿಗೆ. ತೀರಾ ಕಪ್ಪಗಿರೋದು ಕೊಡಿ.”

ಅವಳು ತಿಳಿ ಕಂದು ಗಾಜಿನದನ್ನು ತೆಗೆದು ಅವನ ಕಿವಿಯ ಹಿಂದೆ ಕೂರಿಸಿದಳು. ಬೆರಳು ತಾಗಿ ಕಿವಿ ಕೆಂಪಾಯಿತು. “ನಿಮಗೆ ಇದೇ ಸರಿ.”

ಆಮೇಲೆ ಅವನು ಆಗಾಗ ಬಂದ, ಸ್ಕ್ರೂ ಸಡಿಲವಾಗಿದೆಯೆಂದು. ಸ್ಕ್ರೂ ಗಟ್ಟಿಯಾಗೇ ಇರುತ್ತಿತ್ತು. ಅವಳು ಸುಮ್ಮನೆ ತಿರುಗಿಸಿ ಕೊಡುತ್ತಿದ್ದಳು.

“ಇನ್ಮೇಲೆ ಬೇರೆ ಯಾರ ಹತ್ರ ಆದ್ರೂ ಮಾಡಿಸ್ಕೊಳ್ಳಿ,” ಎಂದಳು ಒಮ್ಮೆ. “ಬೇಸಿಗೆ ಮುಗೀತು. ಅತ್ತೆ ಈ ಕೂಲಿಂಗ್ ಗ್ಲಾಸ್ ಕೌಂಟರ್ ಎತ್ತಿಡ್ತಾರೆ. ನಾನು ಊರಿಗೆ.”

“ಮಳೆಗಾಲದಲ್ಲಿ ಇದನ್ನ ಯಾರಪ್ಪಾ ತಗೋತಾರೆ?” ಒಳಗಿನಿಂದಲೇ ಕೂಗಿದರು ಅಂಗಡಿಯ ಒಡತಿ, ಅವಳ ಸೋದರತ್ತೆ.

ಟೈಲರ್ ಕನ್ನಡಕ ಏರಿಸಿಕೊಂಡು ತನ್ನ ಅಂಗಡಿಗೆ ಹೋದ.

ಮರುದಿನ ಕೋಟು ಟ್ರಯಲ್ ನೋಡಲು ಬಂದ ಗಿರಾಕಿಯನ್ನು ಕನ್ನಡಿ ಮುಂದೆ ನಿಲ್ಲಿಸಿ, ತನ್ನ ಕನ್ನಡಕವನ್ನೇ ಅವರ ಮೂಗಿಗೇರಿಸಿದ. “ಈಗ ನೋಡಿ ಸರ್, ಕೋಟಿಗೆ ಕಳೆ ಬಂತು!”

ಗಿರಾಕಿ ಅಂಥದ್ದೇ ಕೊಳ್ಳಲು ನೇರ ರಸ್ತೆ ದಾಟಿದರು. ಅವರ ಹಿಂದೆ ಇನ್ನೊಬ್ಬರು. ಜಡಿಮಳೆಯಲ್ಲೂ ಛತ್ರಿ ಮಡಚಿ ಒಳಗೆ ಬಂದ ಹುಡುಗಿಯರು ಬಟ್ಟೆ ಬಣ್ಣಕ್ಕೆ ಹೊಂದುವ ಗಾಜು ಹುಡುಕಿದರು.

“ಕಾಲ ಕೆಟ್ಟಿಲ್ಲ ಕಣೇ, ಬದಲಾಗಿದೆ,” ಎಂದರು ಅತ್ತೆ. “ಕೌಂಟರ್ ವರ್ಷವಿಡೀ ಇರ್ಲಿ. ನೀನೂ ಇರು.”

ಆದರೆ ಟೈಲರ್ ಮಾತ್ರ ಬರಲಿಲ್ಲ. ಬರಿಗಣ್ಣಲ್ಲಿ, ತಲೆ ಬಗ್ಗಿಸಿ, ಮಷಿನ್ ತುಳಿಯುತ್ತಿದ್ದ. ಕಾದು ಸಾಕಾಗಿ ಅವಳೇ ರಸ್ತೆ ದಾಟಿದಳು.

“ಸ್ಕ್ರೂ ಸಡಿಲ ಆಗ್ಲಿಲ್ವಾ ಈ ವಾರ?”

ಅವನು ಸೂಜಿಯ ಕಡೆಗೇ ನೋಡುತ್ತ ಹೇಳಿದ: “ಅವತ್ತು ಗಿರಾಕಿಗೆ ಹಾಕಿದಾಗ ಗೊತ್ತಾಯ್ತು. ಆ ಗಾಜಲ್ಲಿ ಕಣ್ಣು ಪೂರ್ತಿ ಕಾಣುತ್ತೆ.”

“ಹೌದು.”

“ಅಂದ್ರೆ ನಾನು ಇಲ್ಲಿ ಕೂತು ನಿಮ್ಮನ್ನ ನೋಡ್ತಿದ್ದಿದ್ದು...”

“ಬಟನ್ನು ತಪ್ಪು ಕಡೆ ಹೊಲಿದಿದ್ದೂ ಕಾಣ್ತಿತ್ತು.”

“ಛೇ! ಕಪ್ಪಗಿರೋದೇ ಕೊಡಿ ಅಂದಿದ್ದೆ ತಾನೇ?”

“ಕೇಳಿದ್ದನ್ನ ಯಾಕೆ ಕೊಡ್ಲಿಲ್ಲ ಅಂತ ಒಂದಿನಾನೂ ಯೋಚನೆ ಮಾಡ್ಲಿಲ್ವಲ್ಲ ನೀವು!”

ಮಷಿನ್ ನಿಂತಿತು. ಅವನು ತಲೆಯೆತ್ತಿದ.

ಅವಳು ಮೇಜಿನ ಮೇಲಿದ್ದ ಕನ್ನಡಕವನ್ನು ತಾನೇ ಹಾಕಿಕೊಂಡು ಅವನೆದುರು ಬಗ್ಗಿದಳು. ಹೊರಗೆ ಮಳೆ ಹಿಡಿದಿತ್ತು.

“ನನ್ನ ಕಣ್ಣು ಕಾಣ್ತಿದ್ಯಾ?”

“ಕಾಣ್ತಿದೆ.”

“ಇನ್ನೂ ಬಾಯಿಬಿಟ್ಟು ಹೇಳ್ಬೇಕಾ?”

“ಬೇಡ,” ಎಂದ ಟೈಲರ್. “ಆದ್ರೆ ಹೇಳಿದ್ರೆ ಚೆನ್ನಾಗಿರುತ್ತೆ.”

ಅವಳು ಹೇಳಿದಳು.